ಟ್ಯಾಂಕಿನ ಅಡಿಯ ನೆಲ

ಯುದ್ಧದ ಟ್ಯಾಂಕು ಮನುಷ್ಯರನ್ನು ಕೊಲ್ಲುವುದಕ್ಕೆಂದೇ ಮಾಡಿದ ಯಂತ್ರ. ಇದನ್ನು ಇನ್ನೊಬ್ಬರು ಹೇಳಿ ನಿಮಗೆ ತಿಳಿಯಬೇಕಾಗಿರಲಿಲ್ಲ. ಆದರೂ ನಮ್ಮ ಮೆನಿಲ್ ಊರಿನ ತಿರುವಿನಲ್ಲಿ ನಿಂತಿರುವ ಜರ್ಮನ್ ಟ್ಯಾಂಕಿನ ಎದುರು ಒಂದು ಭಾನುವಾರ ಕೂತು ನೋಡಿ. ಬಂದವರು ಮೊದಲು ಅದರ ಮೈ ಸವರುತ್ತಾರೆ, ಹಬ್ಬಕ್ಕೆ ಸಿಂಗರಿಸಿದ ಎತ್ತನ್ನು ಸವರುವ ಹಾಗೆ. ಉಕ್ಕು ಎಷ್ಟು ದಪ್ಪ, ಗುಂಡು ಎಷ್ಟು ದೂರ ಹೋಗುತ್ತಿತ್ತು ಎಂದು ಒಬ್ಬರಿಗೊಬ್ಬರು ವಿವರಿಸಿಕೊಳ್ಳುತ್ತಾರೆ. ಹೋದ ಗುಂಡು ಯಾರ ಮನೆಯ ಮೇಲೆ ಬೀಳುತ್ತಿತ್ತು ಎಂಬ ಮಾತು ಬರುವುದಿಲ್ಲ. ಆಮೇಲೆ ಮೇಲೆ ಹತ್ತಿ, ತೋಪಿನ ನಳಿಗೆಯ ಮೇಲೆ ಕೈಯಿಟ್ಟು, ಹಲ್ಲು ಬಿಟ್ಟು, ಫೋಟೊ.

ಆ ಫೋಟೊಗಳ ಹಿನ್ನೆಲೆಯಲ್ಲಿ ಒಂದು ಮನೆ ಕಾಣುತ್ತದೆ. ಬಣ್ಣ ಹೋದ ನೀಲಿ ಕಿಟಕಿ, ಕಿಟಕಿಯ ಹಿಂದೆ ಒಬ್ಬಳು ಮುದುಕಿ. ಎಷ್ಟೋ ದೇಶದ ಎಷ್ಟೋ ಮನೆಗಳ ಗೋಡೆಯ ಮೇಲೆ ಆಕೆ ಇದ್ದಾಳೆ. ಒಬ್ಬರಿಗಾದರೂ ಹೆಸರು ಗೊತ್ತಿಲ್ಲ. ಆಕೆ ಮೋರಿಸೆತ್ ಕೆನೆಲ್.

ಮೋರಿಸೆತ್‌ಳ ಅಪ್ಪ ಆನ್ಸೆಲ್ಮ್ ಗಾಡಿ ಹೊಡೆಯುವವನು. ಒಂದು ಕುದುರೆ, ಒಂದು ಗಾಡಿ. ಸೇಬಿನ ಕಾಲದಲ್ಲಿ ಸೇಬು, ಚಳಿಗಾಲದಲ್ಲಿ ಸೌದೆ. ನಲವತ್ತನಾಲ್ಕರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ಸೋತು ನಮ್ಮ ನಾರ್ಮಂಡಿಯ ಸಂದುಗೊಂದುಗಳಲ್ಲಿ ನುಗ್ಗಿ ಓಡುತ್ತಿದ್ದಾಗ ಸೈನಿಕರು ಬಂದು ಕುದುರೆಯನ್ನೂ ಗಾಡಿಯನ್ನೂ ಕೇಳಿದರು. ಕೇಳಿದರು ಎನ್ನುವುದು ನಾನು ಮರ್ಯಾದೆಗೆ ಬಳಸಿದ ಮಾತು. ಕುದುರೆಯನ್ನು ಪರರ ಕೈಗೆ ಕೊಡಲು ಮನಸ್ಸಾಗದೆ ಆನ್ಸೆಲ್ಮ್ ತಾನೇ ಲಗಾಮು ಹಿಡಿದು ಅವರ ಗಾಯಾಳುಗಳನ್ನು ಹೇರಿಕೊಂಡು ಹೊರಟ. ಎಂಟು ವರ್ಷದ ಮೋರಿಸೆತ್ ಬಾಗಿಲಲ್ಲಿ ನಿಂತಿದ್ದಳು. ಸಂಜೆಗೆ ಬರುತ್ತೇನೆ, ಮೊಲಗಳಿಗೆ ಹುಲ್ಲು ಹಾಕು ಎಂದು ಹೇಳಿ ಹೋದ.

ಸಂಜೆಗೆ ಕುದುರೆ ಬಂತು. ಕೊರಳಪಟ್ಟಿ ಹಾಗೇ ಇತ್ತು, ಗಾಡಿಗೆ ಕಟ್ಟಿದ ಹಗ್ಗ ತುಂಡಾಗಿತ್ತು. ಬಾಗಿಲ ಮುಂದೆ ನಿಂತು ನೀರಿಗೆ ಕಾಯಿತು.

ಊರಿನ ನೊರ್ಬೆರ್ ಓವ್ರೇ ಎಂಬ ತರುಣ ಆವತ್ತು ತಿರುವಿನ ಮೇಲಿನ ತೋಟದಲ್ಲಿ ಅಡಗಿದ್ದ. ವಿಮಾನಗಳು ಬಂದಾಗ ಆನ್ಸೆಲ್ಮ್ ಗಾಡಿಯಿಂದ ಹಾರಿ ದಾರಿ ಬದಿಯ ಗುಂಡಿಗೆ ಇಳಿದದ್ದನ್ನು ಅವನು ಕಂಡ. ವಿಮಾನಕ್ಕೆ ಹೆದರಿ ಜರ್ಮನರು ಆ ದಾರಿಯುದ್ದಕ್ಕೂ ಒಬ್ಬೊಬ್ಬನು ಅವಿತುಕೊಳ್ಳುವಂಥ ಗುಂಡಿಗಳನ್ನು ತೋಡಿಸಿದ್ದರು. ಆಮೇಲೆ ಹೊಗೆ. ಹೊಗೆ ಹೋದಾಗ ಆ ಟ್ಯಾಂಕು ರಸ್ತೆಗೆ ಅಡ್ಡ ನಿಂತಿತ್ತು, ಎಣ್ಣೆ ಮುಗಿದು. ಒಳಗಿದ್ದವರು ಅದನ್ನು ಬಿಟ್ಟು ಓಡಿದ್ದರು. ಮರುದಿನ ಗೆದ್ದವರ ಬುಲ್‌ಡೋಜರ್ ಬಂತು. ದಾರಿ ತೆರವಾಗಬೇಕಿತ್ತು. ಅದನ್ನು ನಡೆಸುವವನಿಗೆ ನಮ್ಮ ಭಾಷೆ ಬಾರದು. ಬದಿಯಲ್ಲಿ ಏನಾದರೂ ಇದೆಯೇ ಎಂದು ನೊರ್ಬೆರ್‌ನನ್ನು ಸನ್ನೆಯಲ್ಲಿ ಕೇಳಿದ. ನೊರ್ಬೆರ್ ಕೈ ಬೀಸಿದ: ಏನಿಲ್ಲ, ನೂಕು. ಟ್ಯಾಂಕು ಬದಿಗೆ ಜಾರಿ ಗುಂಡಿಯ ಮೇಲೆ ಕೂತಿತು. ಇವತ್ತಿಗೂ ಅಲ್ಲೇ ಕೂತಿದೆ.

ಇದನ್ನು ನೊರ್ಬೆರ್ ಒಮ್ಮೆ ಮಾತ್ರ ಹೇಳಿದ, ಮೋರಿಸೆತ್‌ಳ ಅಮ್ಮನ ಅಡುಗೆಮನೆಯಲ್ಲಿ, ಕುಡಿದು, ಅತ್ತು. ಅಷ್ಟು ಹೊತ್ತಿಗೆ ಆನ್ಸೆಲ್ಮ್ ಗುಂಡಿಯಿಂದ ಎದ್ದು ಹೋಗಿರುತ್ತಾನೆ ಅಂದುಕೊಂಡೆ ಎಂದ. ಮೂಲೆಯಲ್ಲಿ ಕೂತು ಮೋರಿಸೆತ್ ಕೇಳಿಸಿಕೊಂಡಳು. ಆಮೇಲೆ ಯಾರು ಕೇಳಿದರೂ ಅವನದು ಒಂದೇ ಮಾತು: ನಾನು ಏನೂ ನೋಡಿಲ್ಲ. ಯುದ್ಧ ಮುಗಿದ ಮೇಲೆ ಗುಜರಿಯವರು ಬಂದು ಟ್ಯಾಂಕಿನ ಒಳಗಿನದನ್ನೆಲ್ಲ ಕತ್ತರಿಸಿ ಒಯ್ದರು. ಒಡಲು ಮಾತ್ರ ಅವರಿಗೆ ಎತ್ತಲಾಗಲಿಲ್ಲ. ನೋಡುವ ಜನ ಬರತೊಡಗಿದರು. ನೊರ್ಬೆರ್ ತಿರುವಿನಲ್ಲೇ ಕೆಫೆ ಹಾಕಿದ.

ಮೋರಿಸೆತ್‌ಳ ಅಮ್ಮ ಮನೆಗೆ ಬೀಗ ಹಾಕಿದ್ದೇ ಇಲ್ಲ. ಗಂಡ ಟ್ಯಾಂಕಿನ ಅಡಿಯಲ್ಲಿದ್ದಾನೆ ಎಂದು ಒಂದು ದಿನ ಹೇಳುವಳು. ಬಂದಾಗ ಬಾಗಿಲು ಹಾಕಿದ್ದರೆ ಏನಂದುಕೊಂಡಾನು ಎಂದು ಇನ್ನೊಂದು ದಿನ. ಎರಡನ್ನೂ ನಂಬಿದ್ದಳು. ಮೋರಿಸೆತ್ ಚೀಸ್ ಮಾಡುವ ಕಾರ್ಖಾನೆಗೆ ಸೇರಿದಳು. ಬೆಳಗಿನಿಂದ ಹೆಪ್ಪಾದ ಹಾಲನ್ನು ಸೌಟಿನಲ್ಲಿ ಎತ್ತಿ ಎತ್ತಿ ಅಚ್ಚಿಗೆ ಹಾಕುವುದು. ಎತ್ತಿದ ತೋಳು ಸಂಜೆಗೆ ತನ್ನದಲ್ಲ ಅನ್ನಿಸುತ್ತಿತ್ತು. ರೈಲ್ವೆಯಲ್ಲಿದ್ದ ಅರ್ಸೆನ್ ಎಂಬವನು ಮದುವೆಯಾಗೋಣ, ಲ ಆವ್ರ್ ಬಂದರಿಗೆ ವರ್ಗವಾಗಿದೆ, ಹೋಗೋಣ ಎಂದ. ಅಲ್ಲಿ ಸಮುದ್ರ ಇದೆ ಎಂದ. ಅಮ್ಮನನ್ನು ಬಿಟ್ಟು ಹೇಗೆ ಬರಲಿ ಎಂದಳು. ಅಮ್ಮನನ್ನೂ ಕರೆದುಕೊಂಡು ಬಾ ಎಂದ. ಅಮ್ಮ ಬಾಗಿಲು ಬಿಟ್ಟು ಏಳಲಿಲ್ಲ. ಅರ್ಸೆನ್ ಒಬ್ಬನೇ ಹೋದ. ಅಮ್ಮ ಸತ್ತ ಮೇಲೆ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕಾಯುವ ಕೆಲಸ ಅಷ್ಟರಲ್ಲಿ ಮಗಳ ಪಾಲಿಗೆ ಬಂದಿತ್ತು. ಅದನ್ನು ಇನ್ನಾರಿಗೆ ವಹಿಸುವುದು?

ಈಗ ನಮ್ಮೂರಿನ ಪದ್ಧತಿಯನ್ನು ಹೇಳಬೇಕು. ಜರ್ಮನರಿಂದ ನಮಗೆ ಬಿಡುಗಡೆಯಾದ ದಿನ ಆಗಸ್ಟಿನಲ್ಲಿ. ಅದಕ್ಕೆ ಮುಂಚಿನ ಶನಿವಾರ ಊರ ಗಂಡಸರೆಲ್ಲ ಸೇರಿ ಟ್ಯಾಂಕಿಗೆ ಬಣ್ಣ ಹೊಡೆಯುತ್ತಾರೆ. ಕೆರೆಯುವುದು, ತಿಕ್ಕುವುದು ಏನೂ ಇಲ್ಲ. ಹಳೆಯದರ ಮೇಲೆ ಹೊಸದು. ಯಾರ ಮನೆಯಲ್ಲಿ ಟ್ರ್ಯಾಕ್ಟರಿಗೆ ಹೊಡೆದು ಮಿಕ್ಕ ಬಣ್ಣವಿದೆಯೋ ಅದು. ಒಂದು ವರ್ಷ ಹಸಿರು, ಒಂದು ವರ್ಷ ಮರಳಿನ ಬಣ್ಣ. ಒಮ್ಮೆ ಸ್ವಲ್ಪ ನೇರಳೆಯೂ ಬಂತು. ಅದು ಬಿಷಪ್ಪರ ನಿಲುವಂಗಿಯ ಬಣ್ಣವಾದ್ದರಿಂದ ಕೊಟ್ಟವನನ್ನು ಈಗಲೂ ಕೆಫೆಯಲ್ಲಿ ಬಿಷಪ್ ಎಂದೇ ಕರೆಯುತ್ತಾರೆ. ಕೆಲಸ ಮಾಡಿದವರಿಗೆ ಕಾಫಿ ಮತ್ತು ಅದಕ್ಕೆ ಬೆರೆಸುವ ಸೇಬಿನ ಸಾರಾಯಿ ತಿರುವಿನ ಮನೆಯವರದ್ದು. ತಿರುವಿನ ಮನೆ ಎಂದರೆ ಮೋರಿಸೆತ್‌ಳದು. ಹೀಗಾಗಿ ಯಾವ ಟ್ಯಾಂಕಿನ ಅಡಿಯಲ್ಲಿ ಅಪ್ಪ ಇದ್ದಾನೆಂದು ನಂಬಿದ್ದಳೋ, ಅದನ್ನು ಸಿಂಗರಿಸುವವರಿಗೆ ಆಕೆ ವರ್ಷವರ್ಷವೂ ಕಾಫಿ ಕಾಸಿ ಕೊಟ್ಟಳು. ಕೊಡದಿದ್ದರೆ ಊರಿನಲ್ಲಿ ಇರುವುದು ಹೇಗೆ? ಚಿಕ್ಕ ಊರಿನಲ್ಲಿ ಇದ್ದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ.

ಇನ್ನೊಂದು ಜಾಣತನ ಮಾಡಿದರು. ಮಳೆ ಬಂದಾಗ ಟ್ಯಾಂಕಿನ ತಳದ ತೂತುಗಳಿಂದ ತುಕ್ಕಿನ ಕೆಂಪು ನೀರು ಸೋರಿ, ಹೂಮಾಲೆ ಇಡುವ ಬಿಳಿ ಜಲ್ಲಿಯ ಮೇಲೆ ಹರಿಯುತ್ತಿತ್ತು. ಒಂದು ವರ್ಷ ಸಮಾರಂಭಕ್ಕೆ ಬಂದಿದ್ದ ದೊಡ್ಡ ಅಧಿಕಾರಿಯ ಪ್ಯಾಂಟಿಗೆ ಅದು ಸಿಡಿಯಿತು. ಊರಿಗೆ ಅವಮಾನ ಎಂದುಕೊಂಡು ತೂತುಗಳಿಗೆಲ್ಲ ಸಿಮೆಂಟು ಮೆತ್ತಿದರು. ಒಳಗೆ ಯಾರೂ ಇಳಿಯಬಾರದೆಂದು ಮೇಲಿನ ಮುಚ್ಚಳಗಳಿಗೆ ಬೆಸುಗೆ ಹಾಕಿಸಿದರು. ಆದರೆ ಹಿಂಬದಿಯ ಎಂಜಿನ್ ಜಾಲರಿಯಿಂದ ಮಳೆನೀರು ಒಳಗೆ ಹೋಗುತ್ತಲೇ ಇತ್ತು. ಹೋದದ್ದು ಹೊರಗೆ ಬರುವ ದಾರಿ ಇಲ್ಲ. ಹೊರಗೆ ಕೋಟುಗಟ್ಟಲೆ ಬಣ್ಣ, ಒಳಗೆ ನಿಂತ ನೀರು.

ಹಾಗೆ ನೀರು ನಿಲ್ಲುತ್ತಿದೆ ಎಂದು ಮೋರಿಸೆತ್‌ಗೆ ಗೊತ್ತಾದದ್ದು ಒಂದು ಚಳಿಗಾಲದಲ್ಲಿ. ಬೀದಿಯಲ್ಲಿ ಯಾರೂ ಇಲ್ಲದಾಗ ಹೋಗಿ ಕೋಲಿನಿಂದ ಬಡಿದಳು. ಮೇಲ್ಭಾಗ ಟೊಳ್ಳಾಗಿ ಕೂಗಿತು, ಕೆಳಭಾಗ ಮಂದವಾಗಿ ಗೊಣಗಿತು. ಆಕೆ ಯಾರಿಗೂ ಹೇಳಲಿಲ್ಲ. ಸಂತೋಷಪಟ್ಟಳು. ಕೊಳೆಯಲಿ, ಕೊಳೆತು ಹೋಗಲಿ; ಒಂದು ದಿನ ಇದನ್ನು ಇಲ್ಲಿಂದ ಎತ್ತಲೇಬೇಕಾಗುತ್ತದೆ, ಎತ್ತಿದಾಗ ಅಡಿಯ ನೆಲ ಬಯಲಾಗುತ್ತದೆ. ಊರಿನಲ್ಲಿ ಆಕೆಯ ಪರ ಇದ್ದದ್ದು ತುಕ್ಕು ಒಂದೇ. ಅದರ ಜೊತೆ ಆಕೆ ಗುಟ್ಟಿನ ಒಪ್ಪಂದ ಮಾಡಿಕೊಂಡವಳ ಹಾಗೆ ಇದ್ದಳು. ಕಿಟಕಿಯಿಂದ ನೋಡುವಾಗ ಎಲ್ಲಿ ಬಣ್ಣ ಉಬ್ಬಿದೆ, ಎಲ್ಲಿ ಚಕ್ಕೆ ಎದ್ದಿದೆ ಎಂದು ಹುಡುಕುತ್ತಿದ್ದಳು. ಕಂಡರೆ ಆ ದಿನ ಊಟ ರುಚಿಸುತ್ತಿತ್ತು.

ಆಕೆಗೆ ಎಪ್ಪತ್ತೈದು ದಾಟಿದ ಮೇಲೆ ಆ ದಿನ ಬಂದೇಬಂತು. ಟ್ಯಾಂಕಿನ ಪಕ್ಕದಲ್ಲಿ ಅಂಗೈ ಅಗಲದ ತುಂಡು ಕಳಚಿ ಬಿತ್ತು. ಮೇಯರ್ ಹೆದರಿ ಹಳೆಯ ಯುದ್ಧಯಂತ್ರಗಳನ್ನು ಉಳಿಸುವುದರಲ್ಲಿ ಪಳಗಿದ ಕ್ಲೋತಿಲ್ಡ್ ವಾಸೆರ್ ಎಂಬ ಪರಿಣತೆಯನ್ನು ಕರೆಸಿದ. ನೊರ್ಬೆರ್ ಸತ್ತು ಬಹಳ ಕಾಲವಾಗಿತ್ತು. ಮೇಯರ್ ಅವನ ಮಗ ತಿಯೆರಿ ಓವ್ರೇ. ಕೆಫೆಯೂ ಅವನದೇ.

ಕ್ಲೋತಿಲ್ಡ್ ಮುಚ್ಚಳ ಕತ್ತರಿಸಿಸಿ, ದೀಪ ಇಳಿಬಿಟ್ಟು, ಎಲ್ಲ ನೋಡಿ, ಸಂಜೆ ಸಭೆಯಲ್ಲಿ ಸುತ್ತುಬಳಸದೆ ಹೇಳಿದಳು. ಒಳಗೆ ಮೊಣಕಾಲುದ್ದ ನೀರು ನಿಂತಿದೆ. ತಳದ ತಗಡು ಬಿಸ್ಕತ್ತಿನ ಹಾಗಾಗಿದೆ. ನೀವು ಉಳಿಸುತ್ತೇವೆ ಎಂದುಕೊಂಡು ಮಾಡಿದ್ದೆಲ್ಲ ಇದನ್ನು ಸಾಯಿಸಿದೆ. ಇನ್ನು ನೀರು ಬಸಿದು, ಬಣ್ಣವನ್ನೆಲ್ಲ ತೆಗೆದು, ತೂತುಗಳನ್ನು ಬಿಚ್ಚಿ, ಒಣಗಲು ಬಿಡಬೇಕು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೋರಿಸೆತ್ ಮುಂದಕ್ಕೆ ಬಾಗಿದಳು. ಅದಕ್ಕೆ ಮೊದಲು ಎತ್ತುತ್ತೀರಿ ತಾನೆ ಎಂದು ಕೇಳಿದಳು.

ಇಲ್ಲ ಎಂದಳು ಕ್ಲೋತಿಲ್ಡ್. ಎತ್ತಿದರೆ ಮೇಲಿನದು ಬರುತ್ತದೆ, ತಳ ನೆಲದಲ್ಲೇ ಉಳಿಯುತ್ತದೆ. ಇದು ಎತ್ತುವ ಸ್ಥಿತಿ ದಾಟಿ ಹೋಗಿದೆ. ಇದ್ದಲ್ಲೇ ಅಡಿಗೆ ಕಾಂಕ್ರೀಟ್ ತುಂಬಿ ಭಾರ ಹೊರಿಸಬೇಕು.

ಬೆಂಚಿನ ಅಂಚು ಹಿಡಿದುಕೊಂಡಳು ಮೋರಿಸೆತ್. ಯಾವ ತುಕ್ಕನ್ನು ಅಷ್ಟು ವರ್ಷ ತನ್ನ ಕಡೆಯದೆಂದು ನಂಬಿದ್ದಳೋ, ಅದು ಕೊನೆಯಲ್ಲಿ ಟ್ಯಾಂಕಿನ ಪಕ್ಷ ಸೇರಿತ್ತು. ಇಪ್ಪತ್ತು ವರ್ಷ ಮೊದಲು, ಕೋಲಿನಿಂದ ಬಡಿದು ನೋಡಿದ ಆ ಚಳಿಗಾಲದಲ್ಲೇ ಬಾಯಿ ಬಿಟ್ಟಿದ್ದರೆ ಎತ್ತಬಹುದಿತ್ತು. ಆ ಲೆಕ್ಕ ಆಕೆಯ ತಲೆಯಲ್ಲಿ ಆಗಲೇ ನಡೆದುಹೋಯಿತು. ಮುಖದಲ್ಲಿ ಮಾತ್ರ ಯಾರಿಗೂ ಕಾಣಲಿಲ್ಲ.

ಎದ್ದು ನಿಂತಳು. ಕಾಂಕ್ರೀಟ್ ಹಾಕುವ ಮೊದಲು ಅಡಿಯ ನೆಲ ಅಗೆಯಬೇಕು ಎಂದಳು. ಯಾಕೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಯಾವಾಗಲೂ ಗೊತ್ತಿತ್ತು.

ತಿರುವಿನ ಕೆಫೆಯಲ್ಲೇ ಬೆಳೆದ ತಿಯೆರಿ ಬೇರೆ ವೇಳೆ ಆಕೆಯನ್ನು ಅತ್ತೆ ಎನ್ನುವವನು. ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು, "ಮಾದಾಮ್ ಕೆನೆಲ್, ನಿಮ್ಮ ನೋವು ನಮಗೆ ಗೊತ್ತಿದೆ," ಎಂದು ಶುರುಮಾಡಿದ.

"ಮಾದಾಮ್ ಯಾವಾಗಿಂದ ಆದೆನೋ ನಿನಗೆ? ನಿನ್ನ ಮೂಗು ಒರೆಸಿದ ಕೈ ಇದು," ಎಂದಳು.

ಕೆಲವರು ನಕ್ಕರು. ಅವನೂ ನಕ್ಕ, ಕಿವಿ ಕೆಂಪಾಯಿತು. ಚಳಿಗಾಲ ಹತ್ತಿರ ಬಂದಿದೆ, ಮುಂದಿನ ವರ್ಷ ಹೊರದೇಶದ ಅತಿಥಿಗಳು ಬರುತ್ತಾರೆ, ಅಗೆಯುವಾಗ ಏನಾದರೂ ಸಿಕ್ಕರೆ ಪೊಲೀಸರು ಬಂದು ಜಾಗವನ್ನೇ ಮುಚ್ಚುತ್ತಾರೆ ಎಂದೆಲ್ಲ ಹೇಳಿದ. ಕ್ಲೋತಿಲ್ಡ್ ನಡುವೆ ಬಾಯಿ ಹಾಕಿದಳು. ಮುಂಬದಿಯಲ್ಲಿ ಮರದ ಆಸರೆ ಕೊಟ್ಟು ತೋಳುದ್ದ ಒಳಗೆ ಅಗೆಯಬಹುದು, ಅಷ್ಟಕ್ಕೆ ಅಪಾಯವಿಲ್ಲ ಎಂದಳು. ಬೇಡ ಎನ್ನಲು ತಿಯೆರಿಗೆ ಎಲ್ಲರ ಎದುರು ಬಾಯಿ ಬರಲಿಲ್ಲ. ಒಂದು ಬೆಳಗ್ಗೆ ಅಗೆಯುವುದೆಂದು ಆಯಿತು. ಕಾಂಕ್ರೀಟಿನ ಲಾರಿ ಅದರ ಮರುದಿನ.

ಆ ಬೆಳಗ್ಗೆ ಮೋರಿಸೆತ್ ಅಡುಗೆಮನೆಯ ಕುರ್ಚಿಯನ್ನು ತಾನೇ ಹೊತ್ತು ತಂದು ರಸ್ತೆ ಬದಿಗೆ ಹಾಕಿಕೊಂಡು ಕೂತಳು. ಚರ್ಚಿಗೆ ಹೋಗುವಾಗ ಹಾಕುವ ಕೋಟು ಹಾಕಿದ್ದಳು. ಊರ ರಸ್ತೆ ಕೆಲಸದ ಫಾಬ್ರಿಸ್ ಮಣ್ಣಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕಿರುಗುದ್ದಲಿಯಿಂದ ಕೆರೆದ. ಮೊದಲು ಜಲ್ಲಿ, ಆಮೇಲೆ ಕಪ್ಪು ಮಣ್ಣು, ಆಮೇಲೆ ಸಡಿಲ ಮಣ್ಣು. ಸಡಿಲ ಎಂದರೆ ಅಲ್ಲಿ ಹಿಂದೆ ಗುಂಡಿ ಇತ್ತು ಎಂದು ಕ್ಲೋತಿಲ್ಡ್ ಮೆಲ್ಲಗೆ ಹೇಳಿದಳು. ತಿಯೆರಿ ಸಿಗರೇಟು ಹಚ್ಚಿದ.

ಫಾಬ್ರಿಸ್ ತೋಳನ್ನು ಭುಜದವರೆಗೆ ಒಳಗೆ ತೂರಿಸಿ ತಡಕಿದ. ಏನನ್ನೋ ಹಿಡಿದು ಎಳೆದ. ಮಣ್ಣು ಒರೆಸಿ ಅಂಗೈಯಲ್ಲಿ ಇಟ್ಟುಕೊಂಡು ಯಾರಿಗೆ ಕೊಡಲಿ ಎಂದು ತಿಳಿಯದೆ ನಿಂತ. ಅರ್ಧಚಂದ್ರದ ಒಂದು ಕಬ್ಬಿಣ, ಅದರಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಮೊಳೆಗಳು. ನಮ್ಮ ಕಡೆ ಗಾಡಿಯವರು ಮರದ ಮೆಟ್ಟಿನ ಹಿಮ್ಮಡಿಗೆ ಹೊಡೆಸುತ್ತಿದ್ದ ಲಾಳ.

ಮೋರಿಸೆತ್ ಕೈ ಚಾಚಿದಳು. ಫಾಬ್ರಿಸ್ ಕೊಟ್ಟ.

"ನಮ್ಮಪ್ಪಂದು," ಎಂದಳು.

"ಅತ್ತೆ, ಆಗ ಎಲ್ಲ ಗಾಡಿಯವರೂ ಇದನ್ನ ಹೊಡೆಸ್ತಿದ್ರು," ಎಂದ ತಿಯೆರಿ.

"ಹೌದು. ಉಳಿದ ಗಾಡಿಯವರೆಲ್ಲ ಮನೆಗೆ ಬಂದ್ರು."

ಫಾಬ್ರಿಸ್ ಯಾರೂ ಹೇಳದೆ ಮತ್ತೆ ಮಲಗಿ ತೋಳು ತೂರಿಸಿದ. ಆಗ ಆಸರೆಯ ಮರ ಕಿರ್ರೆಂದಿತು. ತಳದ ಒಂದು ಚಕ್ಕೆ ಕುಸಿದು ಬಸಿಯದೆ ಉಳಿದಿದ್ದ ಕೆಂಪು ನೀರು ಅವನ ಬೆನ್ನ ಮೇಲೆ ಸುರಿಯಿತು. ಕ್ಲೋತಿಲ್ಡ್ ಅವನ ಕಾಲು ಹಿಡಿದು ಹೊರಗೆಳೆದಳು. ಈ ಕಡೆಯಿಂದ ಇನ್ನು ಅಗೆಯುವ ಹಾಗಿಲ್ಲ, ಯಾರನ್ನೂ ಅಡಿಗೆ ಬಿಡುವುದಿಲ್ಲ ಎಂದಳು. ಹಿಂಬದಿಯಿಂದ ಅಗೆಯಬಹುದು. ಅಲ್ಲಿ ತಳ ಇನ್ನೂ ಗಟ್ಟಿಯಾಗಿದೆ. ಸರಿಯಾದ ಉಕ್ಕಿನ ಆಸರೆ ತರಿಸಬೇಕು, ವಸಂತದವರೆಗೆ ಕಾಯಬೇಕು.

ತಿಯೆರಿ ಸಿಗರೇಟು ಹೊಸಕಿದ. "ಎಲುಬು ಸಿಕ್ಕಿದ್ರೆ ನಾನೇ ಕೆಲಸ ನಿಲ್ಲಿಸ್ತಿದ್ದೆ ಅತ್ತೆ, ಆಣೆಗೂ. ಇದು ಬರೀ ಕಬ್ಬಿಣ."

ಈ ಮಾತನ್ನು ನೀವು ಇನ್ನೊಂದು ಸಲ ಓದಬೇಕು. ಐವತ್ತೈದು ಟನ್ ಕಬ್ಬಿಣಕ್ಕೆ ಹೂಮಾಲೆ ಇಡುವ ಊರು, ಅದಕ್ಕೆ ನೆಗಡಿಯಾದರೆ ಪಟ್ಟಣದಿಂದ ಪರಿಣತರನ್ನು ಕರೆಸುವ ಊರು, ಒಬ್ಬ ಮನುಷ್ಯನ ಕಾಲಿನಲ್ಲಿ ಇದ್ದ ಹಿಡಿ ಕಬ್ಬಿಣವನ್ನು ನೋಡಿ ಹೇಳಿದ ಮಾತು ಇದು. ಬರೀ ಕಬ್ಬಿಣ.

ಮೋರಿಸೆತ್ ಕೂಗಾಡಲಿಲ್ಲ. ಲಾಳವನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. "ನಿಮ್ಮಪ್ಪ ಕೈ ಬೀಸಿ ಮುಚ್ಚಿಸಿದ. ನೀನು ಕಾಂಕ್ರೀಟ್ ತರಿಸಿ ಮುಚ್ಚಿಸ್ತಿದ್ದೀಯ. ಕಲಿತವನು ನೀನು, ಗಟ್ಟಿ ಕೆಲಸ."

ಆಮೇಲೆ ತಿಯೆರಿ ಆಡಿದ ಮಾತನ್ನು ಮರೆಮಾಚಿದರೆ ಅನ್ಯಾಯವಾದೀತು. "ನಮ್ಮಪ್ಪ ಸಾಯೋವರೆಗೂ ಟ್ಯಾಂಕಿನ ಕಡೆ ಬೆನ್ನು ಹಾಕೇ ಕೂರ್ತಿದ್ದ," ಎಂದ. "ನಾನೇನು ಮಾಡ್ಲಿ ಹೇಳಿ. ಶಾಲೆ ಮುಚ್ಚಿತು, ಚೀಸ್ ಕಾರ್ಖಾನೆ ಮುಚ್ಚಿತು. ಇದೊಂದು ಇಲ್ಲದಿದ್ರೆ ಈ ಊರಿಗೆ ಯಾರು ಬರ್ತಾರೆ? ಇದು ನಮ್ಮನ್ನೂ ಹಿಡ್ಕೊಂಡಿದೆ ಅತ್ತೆ."

"ನಿನ್ನನ್ನ ಹಿಡ್ಕೊಂಡಿದೆ. ನಮ್ಮಪ್ಪನ ಮೇಲೆ ಕೂತಿದೆ. ಎರಡೂ ಒಂದೇ ಅಂತ ನನ್ನೆದುರು ಹೇಳ್ಬೇಡ."

ಕುರ್ಚಿ ಎತ್ತಿಕೊಂಡು ಹೋದಳು. ಫಾಬ್ರಿಸ್ ಹೊತ್ತು ತರುತ್ತೇನೆಂದರೂ ಬಿಡಲಿಲ್ಲ.

ಮರುದಿನ ಲಾರಿ ಬಂತು. ಮುಂಬದಿಯಿಂದ ನಡುವಿನವರೆಗೆ ಕಾಂಕ್ರೀಟ್ ಸುರಿದರು. ಬೂದು ಗಂಜಿಯ ಹಾಗೆ ಅದು ಅಡಿಗೆ ಹರಿದು ಸಡಿಲ ಮಣ್ಣನ್ನು ನುಂಗುವುದನ್ನು ಆಕೆ ಕಿಟಕಿಯಿಂದ ನೋಡಿದಳು. ಕಣ್ಣು ತೆಗೆಯಲಿಲ್ಲ. ಹಿಂಬದಿಯನ್ನು ಮಾತ್ರ ಕ್ಲೋತಿಲ್ಡ್ ನೀರು ಬಸಿಯಲು ಬೇಕು ಎಂದು ಹಠ ಹಿಡಿದು ಬಿಡಿಸಿದಳು. ಅದು ನೀರಿಗೇ ಬೇಕಿತ್ತೋ, ಆಕೆಗೆ ಬೇರೇನಾದರೂ ಮನಸ್ಸಿನಲ್ಲಿತ್ತೋ, ಯಾರೂ ಕೇಳಲಿಲ್ಲ. ಅಲ್ಲಿಂದ ಅಗೆಯಲು ಸಾಧ್ಯವಿದೆ ಎಂದು ಸಭೆಗೆ ಬರೆದು ಕೊಟ್ಟು ಹೋದಳು.

ಆ ಮೇಲಿನ ಆಗಸ್ಟಿನಲ್ಲಿ ಗಂಡಸರು ಕ್ಲೋತಿಲ್ಡ್ ಹೇಳಿದ್ದನ್ನು ಮರೆತು ಮತ್ತೆ ಬಣ್ಣದ ಡಬ್ಬಿ ಹಿಡಿದು ಬಂದಾಗ ತಿರುವಿನ ಮನೆಯಿಂದ ಕಾಫಿ ಬರಲಿಲ್ಲ. ಹೊಟ್ಟೆ ಕೆಟ್ಟಿದೆಯೇನೋ ಎಂದ ಒಬ್ಬ. ಬಿಷಪ್ ಹೋಗಿ ಬಾಗಿಲು ತಟ್ಟಿದ. ಬೀಗ ಹಾಕಿಲ್ಲದ ಬಾಗಿಲನ್ನು ಆಕೆ ಒಳಗಿನಿಂದ ಕಾಲು ಕೊಟ್ಟು ಹಿಡಿದು, ಮನೆಯಲ್ಲಿ ಸೂತಕ, ಕಾಫಿ ಕೊಡುವ ಹಾಗಿಲ್ಲ ಎಂದಳು. ಯಾರು ಸತ್ತರು ಎಂದು ಅವನು ಕೇಳಿದ. ಕೇಳಿದ ಕೂಡಲೇ ನಾಲಗೆ ಕಚ್ಚಿಕೊಂಡ. ಆ ವರ್ಷ ಅವನು ಬಣ್ಣ ಹೊಡೆಯದೆ ಮನೆಗೆ ಹೋದ. ಉಳಿದವರು ಹೊಡೆದರು. ಆಕೆಯ ಜೊತೆ ಊರು ಮನಬಿಚ್ಚಿ ಮಾತಾಡುವುದು ಅಂದಿನಿಂದ ಕಡಿಮೆಯಾಯಿತು. ಆಕೆ ಬಂದರೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಮಾತು ನಿಲ್ಲುತ್ತದೆ. ಮನೆ ಮಾರಿ ಹೋಗೋಣವೆಂದರೆ ಈಗಂತೂ ಸಾಧ್ಯವೇ ಇಲ್ಲ. ಮೊದಲು ಅನುಮಾನ ಕಾಯಿಸುತ್ತಿತ್ತು, ಈಗ ಜೇಬಿನಲ್ಲಿರುವ ಲಾಳ ಕಾಯಿಸುತ್ತಿದೆ.

ಹಿಂಬದಿ ಅಗೆಯುವ ವಿಷಯ ಪ್ರತಿ ಸಭೆಯಲ್ಲೂ ಬರುತ್ತದೆ, ಮುಂದಿನ ಸಭೆಗೆ ಹೋಗುತ್ತದೆ. ಯಾರೂ ಬೇಡ ಎನ್ನುವುದಿಲ್ಲ. ಬೇಡ ಎನ್ನದೆಯೇ ಒಬ್ಬ ಮುದುಕಿಯ ಆಯುಸ್ಸು ಮುಗಿಯುವವರೆಗೆ ಕಾಯುವುದು ಎಷ್ಟು ಸುಲಭ ಎಂದು ಈ ಊರಿನಲ್ಲಿ ಇದ್ದು ನಾನು ಕಲಿತೆ. ನಮ್ಮ ಮಾತಿಗೆ ಮೇಯರ್ ಕಿವಿಗೊಡುವುದಿಲ್ಲ. ಬರುವವರ ಮಾತಿಗೆ ಕೊಡುತ್ತಾನೆ. ಅವನು ಬದುಕಿರುವುದೇ ಅವರಿಂದ.

ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಟ್ಯಾಂಕು ನೋಡಲು ನೀವು ಬಂದರೆ ಮೇಲೆ ಹತ್ತಬೇಡಿ, ಸವರಬೇಡಿ, ಕ್ಯಾಮೆರಾ ತೆಗೆಯಬೇಡಿ. ಚರ್ಚಿನ ಪಕ್ಕದಲ್ಲಿರುವ ಮೇಯರ್ ಕಚೇರಿಗೆ ಹೋಗಿ, ನಿಮಗೆ ಬರುವ ಭಾಷೆಯಲ್ಲಿ, ಆನ್ಸೆಲ್ಮ್ ಕೆನೆಲ್ ಎಂಬ ಹೆಸರು ಹೇಳಿ, ಹಿಂಬದಿಯ ನೆಲವನ್ನು ಯಾವಾಗ ಅಗೆಯುತ್ತೀರಿ ಎಂದು ಕೇಳಿ. ಉತ್ತರ ಸಿಗುವವರೆಗೆ ಅಲ್ಲಿಂದ ಏಳಬೇಡಿ.